ಕಾಳಿ ಅಳಿವೆಯಲ್ಲಿ ಬಾತು ಯಾಕಿಲ್ಲ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಾತು, ಹೆಬ್ಬಾತು ನೋಡುವವರಿಗೆ, ಫೋಟೋ ತೆಗೆಯುವವರಿಗೆ

ಕಾಳಿದಂಡೆ (ಕಾರವಾರ):
ಎಲ್ರಿಗೂ ನಮಸ್ಕಾರ. ಇಲ್ಲೀವರೆಗೆ ನಾನು ಫೋಟೋ ತೆಗೆದಿದ್ದೆಲ್ಲ ಕಡಲ ಕಡೆಯ ಹಕ್ಕಿಗಳದ್ದು. ಬೈತಖೋಲ ಬಂದರಿಗೆ ಮೀನಿನ ಬೋಟು ಬರೋ ಹೊತ್ತಿಗೆ ಕಡಲಕ್ಕಿ, ರೀವ, ಗರುಡ ಯಾವುದಕ್ಕೂ ಬರಗಾಲ ಇಲ್ಲ. ಬಾತುಕೋಳಿ ಮಾತ್ರ ಕಣ್ಣಿಗೇ ಬೀಳೋದಿಲ್ಲ. ಕಾಳಿ ಅಳಿವೆಯನ್ನ ಸದಾಶಿವಗಡದ ಕಡೆಯಿಂದಲೂ ನೋಡಿದೆ, ಈಚೆ ದಂಡೆಯಿಂದಲೂ ನೋಡಿದೆ. ಒಳಗೆ ಕದ್ರಾ ಹಿನ್ನೀರಿಗೂ ಹೋಗಿ ಬಂದೆ. ಅಷ್ಟು ನೀರಿದ್ದೂ ಬಾತಿನ ಸುಳಿವಿಲ್ಲ. ನಮ್ಮ ಜಿಲ್ಲೆಯಲ್ಲಿ ಬಾತು ಎಲ್ಲಿ ಇಳೀತಾವೆ, ಯಾವ ತಿಂಗಳಲ್ಲಿ? ದೂರದ್ದನ್ನ ಹತ್ತಿರ ತೋರಿಸೋ 150-600 ಲೆನ್ಸ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದೇನೆ. ಕಡಲಕ್ಕಿ ತಾನಾಗೇ ಹತ್ತಿರ ಬರುತ್ತೆ, ಬಾತು ಹಾಗಲ್ಲ ಅಂತಾರೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಗುಡ್ನಾಪುರದವ (ಬನವಾಸಿ):
ಕದ್ರಾದಲ್ಲಿ ಬಾತು ಕಾಣದ್ದಕ್ಕೆ ಕಾರಣ ನೀರಿನ ಆಳ. ನಮ್ಮ ಕಡೆ ಇರೋ ಬಾತುಗಳಲ್ಲಿ ಹೆಚ್ಚಿನವು ಪೂರ್ತಿ ಮುಳುಗಿ ಮೇಯೋ ಜಾತಿಯವಲ್ಲ. ತಲೆ ನೀರೊಳಗೆ, ಬಾಲ ಮೇಲೆ ಮಾಡ್ಕೊಂಡು, ಕೊಕ್ಕು ಎಟಕುವಷ್ಟು ಆಳದಲ್ಲಿ ಮೇಯ್ತಾವೆ. ಮೊಣಕಾಲುದ್ದ ನೀರಿದ್ರೆ ಸಾಕು, ಸೊಂಟದುದ್ದ ಆಯ್ತು ಅಂದ್ರೆ ಅಲ್ಲಿ ಅವಕ್ಕೆ ಊಟ ಇಲ್ಲ. ಕದ್ರಾ, ಕೊಡಸಳ್ಳಿ, ಸೂಪಾ ಎಲ್ಲ ಕಣಿವೆಗೆ ಅಡ್ಡ ಕಟ್ಟಿದ ಅಣೆಕಟ್ಟು. ಅಲ್ಲಿ ದಡ ಅಂದ್ರೆ ಕಡಿದಾದ ಗುಡ್ಡದ ಬದಿ. ನೀರು ಏರೋದು ಇಳಿಯೋದು ಬೇರೆ. ಜೊಂಡು, ತಾವರೆ, ನೀರುಹುಲ್ಲು ಬೇರೂರೋಕೆ ಜಾಗವೇ ಸಿಗೋದಿಲ್ಲ. ಕಾಳಿ ಅಳಿವೆಯಲ್ಲಿ ಉಪ್ಪುನೀರು, ಭರತ-ಇಳಿತ, ಬೋಟಿನ ಓಡಾಟ. ಅದು ಕಡಲಕ್ಕಿ, ರೀವ, ಕೆಸರಲ್ಲಿ ಹೆಕ್ಕಿ ತಿನ್ನೋ ಉದ್ದಕಾಲಿನ ಹಕ್ಕಿಗಳ ಜಾಗ.

ಬಾತು ಬೇಕಂದ್ರೆ ಘಟ್ಟ ಹತ್ತಿ ಪೂರ್ವಕ್ಕೆ ಬನ್ನಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗೋ ಅಂಚು: ಹಳಿಯಾಳ, ಮುಂಡಗೋಡ, ಬನವಾಸಿ ಕಡೆ. ಗದ್ದೆಗೆ ನೀರುಣಿಸೋಕೆ ಕಟ್ಟಿದ ಅಗಲವಾದ, ಆಳ ಇಲ್ಲದ ಕೆರೆಗಳು ಇರೋದು ಇಲ್ಲಿ. ಕದಂಬರ ರವಿವರ್ಮನ ಶಾಸನ ಸಿಕ್ಕಿದ ಗುಡ್ನಾಪುರದ ಕೆರೆ ನೋಡಿ. ಚಳಿಗಾಲ ಕಳೀತಾ ಹೋದ ಹಾಗೆ ಅಂಚಿನ ನೀರು ಹಿಂದೆ ಸರಿಯುತ್ತೆ, ಅಲ್ಲಿ ಬಾತು ಸೇರ್ತಾವೆ. ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮ ಸುಮಾರು 2.23 ಚದರ ಕಿಲೋಮೀಟರ್, ಅದೂ ಒಂದು ಜಲಾಶಯದ ಸುತ್ತ ಇರೋದೇ. ಹತ್ತಿರದ ಗುಡವಿ ಪಕ್ಷಿಧಾಮ ಸೊರಬ ತಾಲೂಕಿಗೆ ಸೇರಿದ್ದು, ಆದ್ರೆ ಬನವಾಸಿಯಿಂದ ಬೈಕಲ್ಲಿ ಹೋಗಿ ಬರಬಹುದು.

ಯಾವ ಬಾತು ಅಂದ್ರೆ, ವರ್ಷವಿಡೀ ಇಲ್ಲೇ ಇರೋವು ಮುಖ್ಯವಾಗಿ ಮೂರು. ಸಿಳ್ಳೆಬಾತು, ಹತ್ತಿಬಾತು, ಚುಕ್ಕೆಕೊಕ್ಕಿನ ಬಾತು. ಚಳಿಗಾಲಕ್ಕೆ ಉತ್ತರದಿಂದ ಬರೋವು ಬಿಳಿಹುಬ್ಬಿನ ಬಾತು (ಫೋಟೋದವರೆಲ್ಲ ಗಾರ್ಗನೆ ಅನ್ನೋದು ಇದನ್ನೇ), ಸೂಜಿಬಾಲದ ಬಾತು, ಚಲುಕಬಾತು. ಗಾರ್ಗನೆ ಎಲ್ಲರಿಗಿಂತ ಮೊದಲು ಬರುತ್ತೆ, ಹೋಗುವಾಗಲೂ ತಡ. ನೋಡೋಕೆ ಒಳ್ಳೆ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿ.

ಕಾಳಿದಂಡೆ:
ಅಣ್ಣಾ, ಇಷ್ಟು ವಿವರಕ್ಕೆ ದೊಡ್ಡ ಉಪಕಾರ. ಬಾತು ಅಕ್ಟೋಬರಲ್ಲೇ ಬರೋಕೆ ಶುರು ಮಾಡ್ತಾವೆ ಅಂತ ಕೇಳಿದ್ದೆ, ಮತ್ತೆ ಡಿಸೆಂಬರ್‌ವರೆಗೆ ಕಾಯೋದು ಯಾಕೆ?

ಗುಡ್ನಾಪುರದವ:
ನೋಡೋಕೆ ಅಕ್ಟೋಬರಲ್ಲೂ ಬನ್ನಿ, ಅಡ್ಡಿಲ್ಲ. ಆದ್ರೆ ಆಗ ಗಂಡು ಯಾವುದು, ಹೆಣ್ಣು ಯಾವುದು ತಿಳಿಯೋದು ಕಷ್ಟ. ಮರಿ ಮಾಡೋ ಕಾಲ ಮುಗಿದ ಮೇಲೆ ಗಂಡು ಬಾತು ಬಣ್ಣದ ಗರಿ ಉದುರಿಸಿ ಹೆಣ್ಣಿನ ಹಾಗೇ ಮಾಸಲು ಕಂದಾಗುತ್ತೆ. ಅದೇ ಹೊತ್ತಲ್ಲಿ ರೆಕ್ಕೆಯ ದೊಡ್ಡ ಗರಿಗಳೂ ಒಟ್ಟಿಗೇ ಉದುರ್ತಾವೆ, ಕೆಲವು ವಾರ ಹಾರೋಕೇ ಆಗೋದಿಲ್ಲ. ಹೊಸ ರೆಕ್ಕೆ ಬಂದ ಮೇಲೇ ಪ್ರಯಾಣ ಹೊರಡೋದು, ಮೈಬಣ್ಣ ಪೂರ್ತಿ ತಿರುಗೋದು ಇಲ್ಲಿಗೆ ಬಂದ ಮೇಲೆ. ಗಾರ್ಗನೆ ಗಂಡಿನ ಬಿಳಿ ಹುಬ್ಬು ಚೆಂದ ಕಾಣಿಸೋದು ಜನವರಿ ನಂತರವೇ. ಅಕ್ಟೋಬರ್ ಫೋಟೋ ಹಾಕಿ 'ಇದು ಯಾವ ಬಾತು' ಅಂತ ಕೇಳೋರಿಗೆಲ್ಲ ಒಂದೇ ಮಾತು: ಬಣ್ಣ ಬಿಟ್ಟು ಕೊಕ್ಕಿನ ಆಕಾರ ನೋಡಿ, ರೆಕ್ಕೆಯ ಹಿಂಭಾಗದ ಹೊಳೆಯೋ ಪಟ್ಟಿ ನೋಡಿ. ಚಲುಕಬಾತಿನ ಕೊಕ್ಕು ತಲೆಗಿಂತ ಉದ್ದ, ತುದಿಯಲ್ಲಿ ಅಗಲ. ಅದು ಯಾವ ಕಾಲದಲ್ಲೂ ಬದಲಾಗೋದಿಲ್ಲ. ಆ ಕೊಕ್ಕಿನ ಅಂಚಲ್ಲಿ ಸಣ್ಣ ಸಣ್ಣ ಎಳೆಗಳ ಸಾಲಿದೆ. ನೀರು ಒಳಗೆ ತಗೊಂಡು ಆ ಎಳೆಗಳ ಸಂದಿಯಿಂದ ಹೊರಗೆ ಬಿಟ್ಟು, ಉಳಿದ ಹುಳುಹುಪ್ಪಟೆ ನುಂಗುತ್ತೆ. ಬೈನಾಕ್ಯುಲರ್‌ನಲ್ಲಿ ನೋಡಿದ್ರೆ ಕೊಕ್ಕು ನೀರಿನ ಮೇಲೆ ಆಚೆ ಈಚೆ ಆಡಿಸ್ತಾ ಗುಂಪಾಗಿ ಸುತ್ತು ತಿರುಗ್ತಾ ಇರ್ತಾವೆ.

ಕಗ್ಗದಗದ್ದೆ (ಕುಮಟಾ):
ಕರಾವಳಿಯಲ್ಲಿ ಬಾತು ಇಲ್ಲ ಅಂತ ತೀರ್ಮಾನ ಮಾಡಬೇಡಿ ಮಾರಾಯ್ರೇ. ಅಘನಾಶಿನಿ ಅಳಿವೆಗೆ ಬನ್ನಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ, ಸುಮಾರು 4,800 ಹೆಕ್ಟೇರ್. ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ ತದಡಿಯಲ್ಲಿ ಕಡಲು ಸೇರೋವರೆಗೆ ದೊಡ್ಡ ಅಣೆಕಟ್ಟು ಇಲ್ಲದ ಹೊಳೆ. ಹಾಗಾಗಿ ಸಿಹಿನೀರು, ಉಪ್ಪುನೀರು ಎರಡೂ ತಮ್ಮ ಲೆಕ್ಕದಲ್ಲೇ ಬಂದು ಹೋಗ್ತಾವೆ.

ಆದ್ರೆ ಹೊಳೆಯ ನಡು ನೀರಲ್ಲಿ ಹುಡುಕಬೇಡಿ, ಗಜನಿಯಲ್ಲಿ (ಅಳಿವೆ ದಂಡೆಯಲ್ಲಿ ಕಟ್ಟೆ ಕಟ್ಟಿ ಮಾಡಿದ ಉಪ್ಪುನೀರಿನ ಗದ್ದೆ) ಹುಡುಕಿ. ಮಾಣಿಕಟ್ಟಾದಂಥ ಗಜನಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೀತೇವೆ. ಉಪ್ಪು ತಡೆಯೋ ಭತ್ತ ಅದು, ನೆರೆ ಬಂದ್ರೂ ನಿಲ್ಲುತ್ತೆ. ತೆನೆ ಕೊಯ್ದ ಮೇಲೆ ದಂಟು ಹಾಗೇ ನಿಂತು ನೀರಲ್ಲಿ ಕೊಳೆಯುತ್ತೆ, ಅದನ್ನ ತಿಂದು ಸಿಗಡಿ ಬೆಳೆಯುತ್ತೆ. ಉದುರಿದ ಕಾಳು, ಹುಳ, ಎಳೆ ಸಿಗಡಿ ಇರೋದ್ರಿಂದ ಬಾತು ಬರ್ತಾವೆ. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿಗೆ ಇಳಿತದ ಹೊತ್ತು ನೋಡಿ, ಕಟ್ಟೆಯ ಬಾಗಿಲಿಗೆ ಬಲೆ ಕಟ್ಟಿ ನೀರು ಬಿಡ್ತೇವೆ. ನೀರು ಇಳಿದು ತಳ ಹತ್ತಿರ ಆದಾಗ ಹಕ್ಕಿ ಜಾಸ್ತಿ. ಹೊಳೆಯಲ್ಲಿ ಭರತ ಏರಿ ಕೆಸರು ದಿಬ್ಬ ಮುಳುಗಿದಾಗಲೂ ಅಲ್ಲಿದ್ದ ಹಕ್ಕಿ ಗಜನಿಗೇ ಬಂದು ಕೂರ್ತಾವೆ. ಭರತ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ತಡವಾಗ್ತಾ ಹೋಗುತ್ತೆ, ಅದನ್ನ ನೋಡ್ಕೊಂಡು ಹೊರಡಿ ತಮಾ.

ಒಂದು ಮಾತು. ಗಜನಿ ಕಟ್ಟೆ ಮಣ್ಣಿನದು, ಊರವರೆಲ್ಲ ಸೇರಿ ಕಾಯೋದು. ಕೇಳಿ ಹತ್ತಿ. ಕಟ್ಟೆ ಅಂಚು ಜರಿದ್ರೆ ಉಪ್ಪುನೀರು ಯಾರದೋ ಗದ್ದೆಗೆ ಹೋಗುತ್ತೆ.

ಸೋಂದಾ ಅಕ್ಕೋರು (ಶಿರಸಿ):
ನಮ್ಮ ಶಾಲೆ ಮಕ್ಕಳನ್ನ ಮುಂಡಿಗೆಕೆರೆಗೆ ಕರ್ಕೊಂಡು ಹೋಗ್ತಿರ್ತೇನೆ. ಮುಂಡಿಗೆ ಪೊದೆಯ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟೋದನ್ನ ನೋಡಿ ಪ್ರತಿ ಸಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, 'ಅಕ್ಕೋರೆ, ಇಲ್ಲಿಗೆ ಹಂಸ ಯಾವಾಗ ಬರ್ತದೆ?' ಅಂತ. ಮಠದ ಗೋಡೆಯಲ್ಲಿ, ರಥದ ಮೇಲೆ ಹಂಸ ನೋಡಿದ ಮಕ್ಕಳು. ಏನು ಹೇಳೋದು?

ಗುಡ್ನಾಪುರದವ:
ಬರೋದಿಲ್ಲ ಅಂತಲೇ ಹೇಳಿ ಅಕ್ಕೋರೆ. ಕಾಡುಹಂಸಗಳು ಯುರೋಪು, ಉತ್ತರ ಏಷ್ಯಾದ ತಣ್ಣನೆಯ ಕೆರೆಗಳಲ್ಲಿ ಬದುಕೋವು. ಭಾರತಕ್ಕೆ ದಾರಿ ತಪ್ಪಿ ಬಂದದ್ದೇ ಅಪರೂಪ, ಅದೂ ವಾಯವ್ಯದ ತುದಿಗೆ. ಕರ್ನಾಟಕದ ಕೆರೆಗೆ ಹಂಸ ಬಂತು ಅಂತ ಯಾರಾದ್ರೂ ಫೋಟೋ ಕಳಿಸಿದ್ರೆ ನೂರಕ್ಕೆ ನೂರು ಅದು ಮನೆಯಲ್ಲಿ ಸಾಕಿದ ಬಿಳಿ ಹೆಬ್ಬಾತು, ಇಲ್ಲಾ ಬೆಳ್ಳಕ್ಕಿ. ಮಕ್ಕಳಿಗೆ ಹೆಬ್ಬಾತು ತೋರಿಸಿ, ಅದಕ್ಕೇನೂ ಕಡಿಮೆ ಕತೆ ಇಲ್ಲ.

ಮಳಗಿ ದಾರಿ (ಮುಂಡಗೋಡ):
ಹೆಬ್ಬಾತಿನ ಮಾತು ಬಂತು ಅಂತ ಬರೀತಿದ್ದೇನೆ. ಪಟ್ಟೆತಲೆ ಹೆಬ್ಬಾತು ನೋಡೋಕೆ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಬೇಕು. ಅದೂ 2024ರಲ್ಲೇ, ಅಘನಾಶಿನಿ ಜತೆಗೇ ರಾಮ್ಸಾರ್ ಆಯ್ತು. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿಗೆ ಬರ್ತಾವೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟವು ಕರ್ನಾಟಕದ ಕೆರೆಗಳಲ್ಲಿ ಕಂಡಿದ್ದೂ ಇದೆ. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿದೆ. ಅಲ್ಲಿ ಗಾಳಿ ತೆಳು. ಅವುಗಳ ರಕ್ತಕ್ಕೆ ಆಮ್ಲಜನಕ ಹಿಡಿಯೋ ಶಕ್ತಿ ಬೇರೆ ಬಾತುಗಳಿಗಿಂತ ಜಾಸ್ತಿ, ಅದಕ್ಕೇ ತಡ್ಕೊಳ್ತಾವೆ. ಆದ್ರೂ ಸುಮ್ಮನೆ ಎತ್ತರಕ್ಕೆ ಏರೋದಿಲ್ಲ. ಬೆಟ್ಟದ ಮೈಯನ್ನೇ ಅನುಸರಿಸಿ ಏರ್ತಾ ಇಳೀತಾ ಹೋಗ್ತಾವೆ, ಅದ್ರಲ್ಲಿ ಶಕ್ತಿ ಉಳಿಯುತ್ತೆ.

ಮಾಗಡಿಯಲ್ಲಿ ಹೆಬ್ಬಾತು ಹೊಲದಲ್ಲಿ ಮೇಯೋದು, ಕೆರೆ ಬರೀ ವಿಶ್ರಾಂತಿಗೆ. ಬೆಳಿಗ್ಗೆ ಹೊಲದಿಂದ ಕೆರೆಗೆ ವಾಪಸ್ ಬರೋ ಹೊತ್ತಿಗೆ ದಂಡೆಯಲ್ಲಿ ಕೂತಿರಿ.

ಹೊಳೆಯಾಚೆ (ಹೊನ್ನಾವರ):
ಒಳ್ಳೆ ಚರ್ಚೆ. ಫೋಟೋ ವಿಷಯಕ್ಕೆ ಬರ್ತೇನೆ. ಬಾತಿನ ಅತಿ ಚೆಂದದ ಫೋಟೋ ಅಂದ್ರೆ ಗುಂಪಿಗೆ ಗುಂಪೇ ನೀರು ಚಿಮ್ಮಿಸಿ ಏಳೋದು. ನಾನು ದೋಣಿಯವರಿಗೆ ಹೇಳಿ ಗುಂಪಿನ ಕಡೆಗೆ ನಿಧಾನ ನಡೆಸ್ತೇನೆ, ಎದ್ದ ಕೂಡಲೇ ಬರ್ಸ್ಟ್ (ಒಂದರ ಹಿಂದೊಂದು ಸಾಲು ಫೋಟೋ) ಹೊಡೀತೇನೆ. ಸುಮಾರು ಹೊತ್ತು ಆಕಾಶದಲ್ಲಿ ಸುತ್ತಿ ಮತ್ತೆ ಅಲ್ಲೇ ಇಳೀತಾವೆ. ಕಲ್ಲು ಹೊಡೆಯೋದು, ಪಟಾಕಿ ಇಂಥದ್ದೆಲ್ಲ ನಾನು ಒಪ್ಪೋದಿಲ್ಲ. ಆದ್ರೆ ದೋಣಿಯಲ್ಲಿ ಹೋದ್ರೆ ತೊಂದರೆ ಏನು? ಮೀನಿನವರ ದೋಣಿಯೂ ಓಡಾಡ್ತದಲ್ಲ.

ಗುಡ್ನಾಪುರದವ:
ಇದಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಬರೀಬೇಕು, ಯಾಕಂದ್ರೆ ನನಗೆ ಈ ಚರ್ಚೆಯಲ್ಲಿ ಮುಖ್ಯ ಅನ್ನಿಸೋದು ಇದೊಂದೇ.

ಹಗಲು ಹೊತ್ತಲ್ಲಿ ಕೆರೆ ನಡುವೆ ಸುಮ್ಮನೆ ಕೂತ ಬಾತು ಕೆಲಸ ಇಲ್ಲದೆ ಕೂತಿಲ್ಲ. ಸಿಳ್ಳೆಬಾತು, ಸೂಜಿಬಾಲದ ಬಾತು ಹೆಚ್ಚಾಗಿ ರಾತ್ರಿ ಮೇಯೋವು. ಹಗಲೆಲ್ಲ ನಿದ್ದೆ, ಗರಿ ತೀಡೋದು, ಎಣ್ಣೆ ಹಚ್ಚೋದು. ಬಾಲದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇದೆ, ಕೊಕ್ಕಿಗೆ ಅದನ್ನ ಸವರಿಕೊಂಡು ಗರಿಗರಿಗೂ ಹಚ್ಚಿ ಜೋಡಿಸಬೇಕು. ಅದು ಸರಿಯಾಗದಿದ್ರೆ ಗರಿ ನೀರು ಹಿಡಿಯುತ್ತೆ. ಇನ್ನು ಹಾರಾಟ. ಬಾತಿನ ಮೈ ಭಾರ, ರೆಕ್ಕೆ ಸಣ್ಣದು, ಹದ್ದಿನ ಹಾಗೆ ಗಾಳಿಯಲ್ಲಿ ತೇಲೋಕಾಗೋದಿಲ್ಲ, ಬಿಡದೆ ಬಡೀತಲೇ ಇರಬೇಕು. ನೀರಿಂದ ಮೇಲೇಳೋದಕ್ಕೆ ಖರ್ಚು ಇನ್ನೂ ಹೆಚ್ಚು. ಫೆಬ್ರವರಿ-ಮಾರ್ಚಲ್ಲಿ ಅವು ವಾಪಸು ಸಾವಿರಾರು ಕಿಲೋಮೀಟರ್ ಹೋಗೋಕೆ ಮೈಯಲ್ಲಿ ಕೊಬ್ಬು ಕೂಡಿಡೋ ಕಾಲ. ನೀವು ಎಬ್ಬಿಸಿದ್ದು ಒಂದೇ ಸಲ ಇರಬಹುದು. ನಿಮಗಿಂತ ಮೊದಲು ಒಬ್ರು, ಆಮೇಲೆ ಇಬ್ರು ಬಂದಿರ್ತಾರೆ. ಹಾಗೆ ನಡೆದ ಕೆರೆಗೆ ಮುಂದೆ ಬಾತು ಇಳಿಯೋದೇ ಬಿಡ್ತಾವೆ, ಆಗ ನಿಮಗೂ ಇಲ್ಲ, ಊರಿಗೂ ಇಲ್ಲ.

ಮೀನಿನ ದೋಣಿಗೂ ನಿಮ್ಮ ದೋಣಿಗೂ ವ್ಯತ್ಯಾಸ ಇದೆ. ಅದು ದಿನಾ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ, ತನ್ನ ಪಾಡಿಗೆ ಹೋಗುತ್ತೆ. ನೇರ ತನ್ನ ಕಡೆಗೇ ಬರೋದನ್ನ ಬಾತು ಬೇಟೆ ಅಂತಲೇ ತಿಳಿಯುತ್ತೆ. 1972ರ ವನ್ಯಜೀವಿ ಕಾಯಿದೆ ಬರೋಕೆ ಮುಂಚೆ ನಮ್ಮ ಕೆರೆಗಳಲ್ಲಿ ಬಾತನ್ನ ಹಾಗೇ ಅಲ್ವಾ ಹೊಡೀತಿದ್ದಿದ್ದು.

ಏಳೋಕೆ ಮುಂಚೆ ಅವು ಹೇಳ್ತಾವೆ. ಮೊದಲು ಮೇಯೋದು ನಿಲ್ಲುತ್ತೆ. ಮಲಗಿದ್ದವು ಕೊಕ್ಕು ಬೆನ್ನಿಂದ ತೆಗೀತಾವೆ. ಕತ್ತು ನೆಟ್ಟಗಾಗುತ್ತೆ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಈಜೋಕೆ ಶುರು ಮಾಡ್ತಾವೆ. ಆಮೇಲೆ ತಲೆಯನ್ನ ಬೇಗಬೇಗ ಮೇಲೆ ಕೆಳಗೆ ಆಡಿಸ್ತಾವೆ. ಕತ್ತು ಎತ್ತಿದ ಕೂಡಲೇ ನಿಂತು ಬಿಡಿ, ಸಾಧ್ಯ ಆದ್ರೆ ಎರಡು ಹೆಜ್ಜೆ ಹಿಂದೆ ಬನ್ನಿ. ಮತ್ತೆ ಮೇಯೋಕೆ ಇಳಿದ್ವು ಅಂದ್ರೆ ನಿಮ್ಮನ್ನ ಒಪ್ಪಿಕೊಂಡ ಹಾಗೆ.

ಹೊಳೆಯಾಚೆ:
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಕೇಳ್ತೇನೆ. ಆದ್ರೆ ಹಾರೋ ಫೋಟೋ ಬೇಕೇ ಬೇಕು ಅನ್ನೋನು ಏನು ಮಾಡಬೇಕು?

ಗುಡ್ನಾಪುರದವ:
ಅವು ತಾವಾಗಿ ಹಾರೋ ಹೊತ್ತು ದಿನಕ್ಕೆ ಎರಡು ಸಲ ಇದ್ದೇ ಇದೆಯಲ್ಲ. ಸಿಳ್ಳೆಬಾತು ಮುಸ್ಸಂಜೆಗೆ ಗುಂಪು ಗುಂಪಾಗಿ ಗದ್ದೆಗೆ ಹೊರಡ್ತಾವೆ, ಬೆಳಕು ಹರಿಯೋ ಹೊತ್ತಿಗೆ ವಾಪಸ್. ಸಿಳ್ಳೆ ಕೇಳಿದ ಮೇಲೆ ಕ್ಯಾಮರಾ ಎತ್ತಿದ್ರೂ ಸಮಯ ಸಿಗುತ್ತೆ. ಹಾರುವಾಗ ತಲೆ ಮೈಗಿಂತ ಸ್ವಲ್ಪ ಕೆಳಗೆ, ಬೆನ್ನು ಗೂನು, ಕಾಲು ಬಾಲದಾಚೆ ಚಾಚಿರುತ್ತೆ, ಗುರುತು ಹಿಡಿಯೋದು ಸುಲಭ.

ಎಲ್ಲಿ ಕೂರಬೇಕು ಅನ್ನೋದಕ್ಕೆ ಗಾಳಿ ನೋಡಿ. ಬಾತು ಏಳೋದು, ಇಳಿಯೋದು ಎರಡೂ ಗಾಳಿಗೆ ಎದುರಾಗಿ. ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತೆ, ಅಂದ್ರೆ ಪೂರ್ವದಿಂದ. ಇಳಿಯೋ ಬಾತಿನ ಮುಖ ಪೂರ್ವಕ್ಕೆ, ಸೂರ್ಯನೂ ಪೂರ್ವಕ್ಕೆ. ನೀವು ಗಜನಿಯ ಪೂರ್ವ ಕಟ್ಟೆಯಲ್ಲಿ ಬೆನ್ನಿಗೆ ಸೂರ್ಯನನ್ನ ಇಟ್ಕೊಂಡು ಕೂತ್ರೆ, ಬಾತು ನಿಮ್ಮ ಕಡೆಗೇ ಮುಖ ಮಾಡಿ, ಮುಖದ ಮೇಲೆ ಬೆಳಕು ತಗೊಂಡು ಇಳಿಯುತ್ತೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದಾಗ ಎಲ್ಲ ತಿರುಗಿ ಬರುತ್ತೆ, ಪಶ್ಚಿಮದ ಕಟ್ಟೆಗೆ ಹೋಗಿ. ಕಾಲು ಮುಂದೆ ಚಾಚಿ, ಬಾಲ ಬಿಚ್ಚಿ, ರೆಕ್ಕೆ ಅಡ್ಡ ಹಿಡಿದು ನೀರಿಗೆ ಇಳಿಯೋ ಬಾತಿನ ಫೋಟೋ ಮುಂದೆ, ಹೆದರಿ ಎದ್ದು ಬೆನ್ನು ತೋರಿಸಿ ಹೋಗೋ ಗುಂಪಿನ ಫೋಟೋ ಏನೂ ಅಲ್ಲ.

ಮಳಗಿ ದಾರಿ:
ಸೆಟ್ಟಿಂಗ್ ಬಗ್ಗೆ ನಾನು ಸೇರಿಸ್ತೇನೆ. ಹಾರುವಾಗ ಶಟರ್ 1/2000 ಆದ್ರೂ ಇರಲಿ, ಬಾತಿನ ರೆಕ್ಕೆ ಬಡಿತ ಜೋರು. ಈಜುವಾಗ 1/500 ಸಾಕು. ಮಂಜು ಮುಚ್ಚಿದ ಬೆಳಿಗ್ಗೆ ಐಎಸ್ಒ (ಕಮ್ಮಿ ಬೆಳಕಲ್ಲೂ ಫೋಟೋ ಬರೋ ಹಾಗೆ ಮಾಡೋ ಸೆಟ್ಟಿಂಗ್) ಏರಿಸೋಕೆ ಹಿಂದೆಮುಂದೆ ನೋಡಬೇಡಿ, ನುಣುಪು ಕಮ್ಮಿ ಆದ್ರೂ ಅಲುಗಿದ ಫೋಟೋಗಿಂತ ಮೇಲು.

ಹತ್ತಿಬಾತು ತೆಗೆಯುವಾಗ ಜಾಗ್ರತೆ. ಜಗತ್ತಿನ ಅತಿ ಸಣ್ಣ ಬಾತುಗಳಲ್ಲಿ ಒಂದು ಅದು. ಗಂಡಿನ ಮುಖ, ಕತ್ತು ಬಿಳಿ, ಸುತ್ತ ಎಲೆಯ ನೆರಳು, ಕಪ್ಪು ನೀರು. ಕ್ಯಾಮರಾ ಆ ಕಪ್ಪನ್ನ ನೋಡಿ ಬೆಳಕು ಹೆಚ್ಚು ಮಾಡುತ್ತೆ, ಬಿಳಿ ಗರಿಯ ವಿವರ ಎಲ್ಲ ಹೋಗುತ್ತೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ ಮಾಡಿ ಒಂದು ತೆಗೆದು ನೋಡಿ. ಚಲುಕಬಾತಿನ ಹಸಿರು ತಲೆ ಇದಕ್ಕೆ ಉಲ್ಟಾ ಸಮಸ್ಯೆ. ಆ ಹಸಿರು ಗರಿಯ ರಚನೆಯಿಂದ ಬರೋ ಹೊಳಪು, ಬೆಳಕು ಬೀಳೋ ಕೋನ ತಪ್ಪಿದ್ರೆ ಬರೀ ಕಪ್ಪು. ತಲೆ ತಿರುಗಿಸೋವರೆಗೆ ಕಾಯಬೇಕು.

ನಿಂತು ತೆಗೀಬೇಡಿ. ನೆಲಕ್ಕೆ ಮಲಗಿ, ಲೆನ್ಸ್ ನೀರಿನ ಮಟ್ಟಕ್ಕೆ ತನ್ನಿ. ಬಟ್ಟೆ ಚೀಲಕ್ಕೆ ಅಕ್ಕಿ ತುಂಬಿ ಅದರ ಮೇಲೆ ಲೆನ್ಸ್ ಇಟ್ರೆ ಟ್ರೈಪಾಡೂ ಬೇಡ. ಚುಕ್ಕೆಕೊಕ್ಕಿನ ಬಾತನ್ನ ಹಾಗೆ ನೋಡಿದ್ರೆ ಗೊತ್ತಾಗುತ್ತೆ: ಕರಿ ಕೊಕ್ಕಿನ ತುದಿ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ, ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಚುಕ್ಕೆ, ಎದೆಯ ಒಂದೊಂದು ಗರಿಗೂ ತಿಳಿ ಅಂಚು. ದಂಡೆ ಮೇಲಿಂದ ತೆಗೆದ್ರೆ ಅದೇ ಹಕ್ಕಿ ಬರೀ ಬೂದು.

ಕಾಳಿದಂಡೆ:
600ರಲ್ಲಿ ದೂರದ ಹಕ್ಕಿ ತೆಗೆದ್ರೆ ಶಟರ್ ಎಷ್ಟೇ ಏರಿಸಿದ್ರೂ ಮಸುಕು ಬರ್ತಿದೆ. ಲೆನ್ಸ್ ಸರಿ ಇಲ್ವಾ?

ಮಳಗಿ ದಾರಿ:
ಹತ್ತಿರದ ಕಾಗೆ ಚೊಕ್ಕ ಬಂದ್ರೆ ಲೆನ್ಸ್ ಸರಿ ಇದೆ. ನೀರಿನ ಬಿಸಿಗೂ ಗಾಳಿಯ ತಂಪಿಗೂ ವ್ಯತ್ಯಾಸ ಇದ್ದಾಗ ನೀರಿನ ಮೇಲೆ ಗಾಳಿ ಕುಲುಕುತ್ತೆ, ದೂರದ ಚಿತ್ರ ಕರಗಿದ ಹಾಗೆ ಕಾಣುತ್ತೆ. ಅಳಿವೆಯಲ್ಲಿ ಬೆಳಿಗ್ಗೆಯೂ ಇರುತ್ತೆ. ಯಾವ ದುಬಾರಿ ಲೆನ್ಸೂ ಇದನ್ನ ಸರಿ ಮಾಡೋದಿಲ್ಲ, ಹಕ್ಕಿ ಹತ್ತಿರ ಬರಬೇಕು ಅಷ್ಟೇ.

ಸೋಂದಾ ಅಕ್ಕೋರು:
ಹತ್ತಿರ ಬರೋವರೆಗೆ ಕೂತಿರೋಕೆ ನಮ್ಮ ಮಕ್ಕಳಿಗೆ ಹೇಳಿಕೊಡೋದು ಒಂದೇ ಉಪಾಯ. ಬೆಳಕು ಹರಿಯೋ ಮೊದಲೇ ಜಾಗ ಸೇರಬೇಕು, ಹಕ್ಕಿ ಬರುವಾಗ ನಾವು ಅಲ್ಲೇ ಇದ್ದಿರಬೇಕು. ಹಕ್ಕಿ ಕೂತ ಮೇಲೆ ನಾವು ಹೋಗೋದು ಬೇರೆ, ನಾವು ಕೂತ ಮೇಲೆ ಹಕ್ಕಿ ಬರೋದು ಬೇರೆ.

ಗೂಡಿನ ಬಗ್ಗೆಯೂ ಒಂದು ವಿನಂತಿ. ಸಿಳ್ಳೆಬಾತು, ಹತ್ತಿಬಾತು ಮರದ ಪೊಟರೆಯಲ್ಲಿ ಮೊಟ್ಟೆ ಇಡ್ತಾವೆ, ಮರಿಗಳು ಅಷ್ಟೆತ್ತರದಿಂದ ಕೆಳಗೆ ಹಾರಿ ನೀರಿಗೆ ಹೋಗ್ತಾವೆ. ಅಂಥ ಮರ ಕಂಡ್ರೆ ಜಾಗದ ಹೆಸರು ಇಲ್ಲಿ ಬರೀಬೇಡಿ. ಕೆರೆ ಅಂಚಿನ ಹಳೇ ಪೊಟರೆ ಮರ ಕಡಿಯೋಕೆ ಹೊರಟವರಿಗೆ ಮಾತ್ರ ಇದನ್ನ ತಪ್ಪದೆ ಹೇಳಿ.

ಕಗ್ಗದಗದ್ದೆ:
ಅಕ್ಕೋರು ಹೇಳಿದ್ದು ಸರಿ. ಡ್ರೋನೂ ತರಬೇಡಿ. ಗಜನಿಯ ಮೇಲೆ ಡ್ರೋನ್ ಬಂದ್ರೆ ಹದ್ದು ಬಂತು ಅಂತ ಇದ್ದ ಬದ್ದ ಹಕ್ಕಿಯೆಲ್ಲ ಏಳ್ತಾವೆ.

ಕಾಳಿದಂಡೆ:
ಎಲ್ಲಾ ಬರೆದಿಟ್ಕೊಂಡೆ. ಜನವರಿಯಲ್ಲಿ ಮೊದಲು ಗಜನಿ, ಆಮೇಲೆ ಗುಡ್ನಾಪುರ. ತೆಗೆದ ಫೋಟೋ ಇಲ್ಲಿ ಹಾಕೋದು ಬಿಟ್ಟು ಬೇರೆ ಉಪಯೋಗ ಏನಾದ್ರೂ ಆಗುತ್ತಾ?

ಗುಡ್ನಾಪುರದವ:
ಖಂಡಿತ ಆಗುತ್ತೆ. ಪ್ರತಿ ಜನವರಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತೆ, 1987ರಿಂದ ನಡೆದು ಬಂದದ್ದು. ನಮ್ಮ ಜಿಲ್ಲೆಯ ಸಣ್ಣ ಕೆರೆಗಳು ಅದರಲ್ಲಿ ಬರೋದು ಬಹಳ ಕಮ್ಮಿ. ಗುಂಪನ್ನ ಅಗಲಕ್ಕೆ ಸಿಗೋ ಹಾಗೆ ಒಂದು ಫೋಟೋ ತೆಗೆದಿಟ್ಕೊಂಡ್ರೆ ಮನೆಗೆ ಬಂದು ತಲೆ ಎಣಿಸಬಹುದು, ಜಾತಿ ಗುರುತು ಹಿಡೀಬಹುದು. ದಿನ, ಹೊತ್ತು, ಕೆರೆ ಹೆಸರು, ನೀರಿನ ಮಟ್ಟ ಬರೆದು ಈಬರ್ಡಿಗೂ (ಹಕ್ಕಿ ನೋಡಿದ್ದನ್ನ ದಾಖಲಿಸೋ ಜಾಲತಾಣ) ಹಾಕಿ. ಬಾತು ಇಲ್ಲದಿದ್ರೆ ಇಲ್ಲ ಅಂತಲೂ ಬರೀಬೇಕು, ಅದೂ ಮಾಹಿತಿಯೇ. ಈ ಸಲ ಕೆರೆ ಹಂಚಿಕೊಳ್ಳೋಣ. ಗುಡ್ನಾಪುರ, ಬನವಾಸಿ ಸುತ್ತಿನದು ನನಗಿರಲಿ.

ಮಳಗಿ ದಾರಿ:
ಅತ್ತಿವೇರಿ, ಮಳಗಿ ಧರ್ಮಾ ಜಲಾಶಯ ನಾನು ನೋಡ್ತೇನೆ. ಅತ್ತಿವೇರಿಗೆ ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ ಹೋಗೋಣ.

ಕಗ್ಗದಗದ್ದೆ:
ಗಜನಿ ನನ್ನ ಪಾಲಿಗೆ. ಕಾರವಾರದ ತಮ್ಮ ಕ್ಯಾಮರಾ ತರಲಿ, ಎಣಿಸೋಕೆ ಊರಿನ ಹುಡುಗರು ಸೇರ್ತಾರೆ.

ಹೊಳೆಯಾಚೆ:
ಶರಾವತಿ ಅಳಿವೆ ಯಾರೂ ತಗೊಂಡಿಲ್ಲ ಅಲ್ವಾ? ನಾನು ಮಾಡ್ತೇನೆ. ದಂಡೆಯಿಂದಲೇ.

ಸೋಂದಾ ಅಕ್ಕೋರು:
ಮುಂಡಿಗೆಕೆರೆ ನಮ್ಮ ಏಳನೇ ಕ್ಲಾಸಿನವರದ್ದು. ಗಣತಿ ಫಾರ್ಮು ಕನ್ನಡದಲ್ಲಿ ಇದ್ರೆ ಯಾರಾದ್ರೂ ಇಲ್ಲಿ ಹಾಕಿ. ಇಲ್ಲದಿದ್ರೆ ಬಾತಿನ ಹೆಸರೆಲ್ಲ ಕನ್ನಡದಲ್ಲಿ ಬರೆದು ನಾನೇ ಒಂದು ಮಾಡಿ ಶನಿವಾರದೊಳಗೆ ಹಾಕ್ತೇನೆ.